ಕೋವಿಯ ಬಿಗಿಬಾಯಿಯೂ ಕಾಡುಟರ್ಕಿಯೂ

ಬೇಟೆಯ ಆಯುಧಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಹುಲಿ, ಆನೆ, ಸಿಂಹಗಳ ಕಡೆಗೇ ದೃಷ್ಟಿಯನ್ನು ಹರಿಸುವರು. ಹಕ್ಕಿ ಹೊಡೆಯುವ ಕೋವಿಯಲ್ಲಿ ಚರಿತ್ರೆಗೆ ಯೋಗ್ಯವಾದುದೇನಿದೆ ಎಂದು ಕೇಳುವವರೂ ಉಂಟು. ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ವಸಂತಕಾಲದ ಮುಂಜಾವಿನಲ್ಲಿ ಕಾಡುಟರ್ಕಿಯ ಬೇಟೆಗೆ ಹೊರಡುವವನು ಅದಕ್ಕೆ ಮೊದಲು ಎರಡು ವಿಷಯಗಳನ್ನು ನಿಶ್ಚಯಿಸಿಕೊಳ್ಳಬೇಕು: ಕೋವಿಯ ಬಾಯಿ ಎಷ್ಟು ಬಿಗಿಯಾಗಿರಬೇಕು? ತೋಟೆಯಲ್ಲಿ ಎಂತಹ ಚರೆ ಇರಬೇಕು? ನೋಡುವುದಕ್ಕೆ ಸಣ್ಣ ಪ್ರಶ್ನೆಗಳು. ಆದರೆ ಇವುಗಳಿಗೆ ಉತ್ತರವು ದೊರೆತ ಬಗೆಯಲ್ಲಿ ಲೋಹಗಾರರ ಜಾಣ್ಮೆ, ಗಣಿತದ ಲೆಕ್ಕ, ಶಾಸನಸಭೆಗಳ ಕಾಯಿದೆ, ಒಂದು ಪಕ್ಷಿಕುಲದ ಅಳಿವು ಉಳಿವು ಇವೆಲ್ಲವೂ ಹೆಣೆದುಕೊಂಡಿವೆ.

ಟರ್ಕಿಯೆಂಬ ಹೆಸರಿದ್ದರೂ ಈ ಹಕ್ಕಿಗೂ ತುರ್ಕರ ದೇಶಕ್ಕೂ ಸಂಬಂಧವಿಲ್ಲ. ಇದು ಅಚ್ಚ ಅಮೇರಿಕದ ಪಕ್ಷಿ. ಮೆಕ್ಸಿಕೋ ದೇಶದ ಮೂಲನಿವಾಸಿಗಳು ಬಹು ಪೂರ್ವಕಾಲದಲ್ಲಿಯೇ ಇದನ್ನು ಪಳಗಿಸಿ ಸಾಕಿದ್ದರು. ೧೬ನೆಯ ಶತಮಾನದ ಮೊದಲ ಭಾಗದಲ್ಲಿ ಸ್ಪೇನಿನವರು ಇದನ್ನು ಯೂರೋಪಿಗೆ ಒಯ್ದರು. ಅಲ್ಲಿ ಇದರ ಮೂಲವನ್ನರಿಯದ ಜನರು ತಮಗೆ ತೋಚಿದ ಹೆಸರುಗಳನ್ನಿಟ್ಟರು. ಆಂಗ್ಲರಿಗೆ ಇದು ತುರ್ಕರ ಕೋಳಿಯಾಯಿತು. ಫ್ರೆಂಚರಿಗೆ ಇಂಡಿಯಾದ ಕೋಳಿಯಾಯಿತು. ಡಚ್ಚರಿಗಂತೂ ನಮ್ಮ ಪಶ್ಚಿಮ ಕರಾವಳಿಯ ಕಲ್ಲಿಕೋಟೆಯ ಕೋಳಿಯೇ ಆಯಿತು. ಡಚ್ ಭಾಷೆಯಲ್ಲಿ ಈ ಹಕ್ಕಿಗಿರುವ ‘ಕಾಲ್ಕೂನ್’ ಎಂಬ ಪದವು ಕಲ್ಲಿಕೋಟೆಯ ಹೆಸರಿನಿಂದ ಹುಟ್ಟಿದುದು. ಹಕ್ಕಿಯು ಭರತಖಂಡಕ್ಕೆ ಬಂದದ್ದು ಮಾತ್ರ ಪೋರ್ತುಗೀಜರ ಗೋವೆಯ ಮಾರ್ಗವಾಗಿ. ೧೬೧೨ರಲ್ಲಿ ಮುಕರ್ರಬ್‌ಖಾನನು ಗೋವೆಯಿಂದ ಕೊಂಡುಹೋದ ಅಪೂರ್ವವಸ್ತುಗಳಲ್ಲಿ ಈ ಹಕ್ಕಿಯನ್ನು ಕಂಡು ಜಹಾಂಗೀರ್ ಬಾದಶಹನು ಬೆರಗಾದನು. ಗಳಿಗೆಗೊಂದು ಬಣ್ಣ ತಳೆಯುವ ಅದರ ತಲೆ ಕೊರಳುಗಳನ್ನು ಗೋಸುಂಬೆಗೆ ಹೋಲಿಸಿ ತನ್ನ ಆತ್ಮಕಥೆಯಲ್ಲಿ ವರ್ಣಿಸಿದನು. ಆತನ ಆಸ್ಥಾನದ ಚಿತ್ರಕಾರ ಮನ್ಸೂರನದೆಂದು ಹೇಳುವ ಟರ್ಕಿಯ ಚಿತ್ರವು ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಬಾದಶಹನ ಕಣ್ಣನ್ನು ಸೆಳೆದ ಆ ತಲೆ ಕೊರಳುಗಳೇ ಬೇಟೆಗಾರನ ಗುರಿಯೂ ಆಗಿವೆ. ಇದಕ್ಕೆ ಕಾರಣವುಂಟು. ಬೆಳೆದ ಗಂಡು ಟರ್ಕಿಯು ಸಾಮಾನ್ಯವಾಗಿ ೧೬ರಿಂದ ೨೪ ಪೌಂಡು ತೂಗುತ್ತದೆ. ಅದರ ಎದೆಯ ಮೇಲೆ ದಟ್ಟವಾದ ಗರಿ, ಗರಿಯ ಕೆಳಗೆ ದಪ್ಪವಾದ ಮಾಂಸ. ಒಡಲಿಗೆ ತಾಕಿದ ಸಣ್ಣ ಚರೆಯು ಅಲ್ಲಿಯೇ ಸಿಕ್ಕಿಕೊಳ್ಳುವುದೇ ಹೊರತು ಪ್ರಾಣಸ್ಥಾನವನ್ನು ಮುಟ್ಟುವುದು ನಿಶ್ಚಯವಲ್ಲ. ಹಾಗೆ ಗಾಯಗೊಂಡ ಹಕ್ಕಿಯು ಓಡಿಯೋ ಹಾರಿಯೋ ಕಣ್ಮರೆಯಾಗಿ, ಪೊದೆಯೊಂದರಲ್ಲಿ ನವೆದು ಸಾಯುವುದು. ಬೇಟೆಗಾರನ ಕೈಗೂ ದಕ್ಕದು, ಕಾಡಿಗೂ ಉಳಿಯದು. ಬರಿಯ ಚರ್ಮದ ತಲೆ ಮತ್ತು ಕೊರಳ ಮೂಳೆ ಇವುಗಳಿಗೆ ಚರೆ ತಾಕಿದರೆ ಮರಣವು ತತ್‌ಕ್ಷಣದ್ದು. ಆದರೆ ಈ ಗುರಿಯು ಅಂಗೈಯಷ್ಟು ಸಣ್ಣದು, ಒಂದೆಡೆಯಲ್ಲಿ ನಿಲ್ಲದು. ಹಕ್ಕಿಯ ದೃಷ್ಟಿಯಾದರೋ ಬಹು ಸೂಕ್ಷ್ಮ. ಮರದ ಬುಡಕ್ಕೆ ಬೆನ್ನು ಕೊಟ್ಟು ಕುಳಿತವನು ಒಂದು ಬೆರಳನ್ನು ಅಲುಗಿಸಿದರೂ ಅದು ಕಂಡುಕೊಳ್ಳುವುದು. ಆದುದರಿಂದ ದೂರದಿಂದ, ಸಣ್ಣ ಗುರಿಗೆ, ಒಂದೇ ಈಡಿನಲ್ಲಿ ಅನೇಕ ಚರೆಗಳನ್ನು ಒಟ್ಟಿಗೆ ಮುಟ್ಟಿಸುವುದು ಹೇಗೆ ಎಂಬುದೇ ಟರ್ಕಿ ಬೇಟೆಯ ಮೂಲ ಸಮಸ್ಯೆ.

ಹಿಂದಿನವರು ಈ ಸಮಸ್ಯೆಯನ್ನು ಕೋವಿಯಿಂದ ಬಿಡಿಸಲಿಲ್ಲ, ಉಪಾಯದಿಂದ ಬಿಡಿಸಿದರು. ಪಕ್ಷಿಚಿತ್ರಕಾರನೆಂದು ಪ್ರಸಿದ್ಧನಾದ ಜಾನ್ ಜೇಮ್ಸ್ ಆಡುಬಾನನು ತನ್ನ ಮಹಾಗ್ರಂಥದ ಮೊದಲನೆಯ ಪಟದಲ್ಲಿ ಕಾಡುಟರ್ಕಿಯನ್ನೇ ಚಿತ್ರಿಸಿದನಲ್ಲದೆ, ಅದನ್ನು ಹಿಡಿಯುವ ಕ್ರಮಗಳನ್ನೂ ವಿವರಿಸಿ ಬರೆದನು. ಮರದ ದಿಮ್ಮಿಗಳಿಂದ ದೊಡ್ಡಿಯೊಂದನ್ನು ಕಟ್ಟಿ, ಅದರೊಳಕ್ಕೆ ನೆಲವನ್ನು ತೋಡಿ ಸುರಂಗದಂತೆ ದಾರಿ ಮಾಡಿ, ಮೆಕ್ಕೆಜೋಳವನ್ನು ಚೆಲ್ಲುವರು. ತಲೆ ತಗ್ಗಿಸಿ ಕಾಳನ್ನು ಹೆಕ್ಕುತ್ತ ಒಳಹೊಕ್ಕ ಹಕ್ಕಿಗಳು ಮತ್ತೆ ತಲೆ ತಗ್ಗಿಸಿ ಹೊರಬರುವ ಬುದ್ಧಿಯಿಲ್ಲದೆ ಮೇಲೆ ಬೆಳಕಿದ್ದ ಕಡೆಗೇ ನೆಗೆಯುತ್ತ ಸಿಕ್ಕಿಬೀಳುವುವು. ಬೆಳುದಿಂಗಳ ರಾತ್ರಿಯಲ್ಲಿ ಮರದ ಕೊಂಬೆಗಳ ಮೇಲೆ ನಿದ್ರಿಸುವ ಹಿಂಡನ್ನು ಒಂದೊಂದಾಗಿ ಹೊಡೆದುರುಳಿಸುವ ಪದ್ಧತಿಯೂ ಇತ್ತು. ಇವುಗಳಲ್ಲಿ ಬೇಟೆಯ ಕೌಶಲಕ್ಕಿಂತ ಸಂಹಾರವೇ ಹೆಚ್ಚು. ಹಕ್ಕಿಗಳು ಲಕ್ಷೋಪಲಕ್ಷವಾಗಿದ್ದ ಕಾಲದಲ್ಲಿ ಅದರ ಫಲವನ್ನು ಯಾರೂ ಚಿಂತಿಸಲಿಲ್ಲ.

ಇನ್ನು ಕೋವಿಯ ವಿಚಾರ. ಚರೆ ಹಾರಿಸುವ ಕೋವಿಯ ನಳಿಗೆಯ ಅಳತೆಯನ್ನು ಹೇಳುವ ಕ್ರಮವೇ ವಿಲಕ್ಷಣವಾದುದು. ಒಂದು ಪೌಂಡು ಸೀಸವನ್ನು ಸಮನಾದ ಹನ್ನೆರಡು ಗುಂಡುಗಳಾಗಿ ಎರಕ ಹೊಯ್ದರೆ ಅದರಲ್ಲೊಂದು ಯಾವ ನಳಿಗೆಗೆ ಸರಿಯಾಗಿ ಕೂಡುವುದೋ ಅದು ೧೨ನೆಯ ನಂಬರಿನ ನಳಿಗೆ. ಇಪ್ಪತ್ತು ಗುಂಡುಗಳಾಗಿ ಹೊಯ್ದರೆ ೨೦ನೆಯ ನಂಬರಿನದು. ಆದುದರಿಂದ ನಂಬರು ಹೆಚ್ಚಿದಷ್ಟೂ ನಳಿಗೆಯು ಕಿರಿದು. ೧೨ನೆಯ ನಂಬರಿನ ನಳಿಗೆಯ ಒಳವ್ಯಾಸವು ಅಂಗುಲದ ಸಾವಿರದಲ್ಲಿ ೭೨೯ ಪಾಲು. ಹಳೆಯ ಕೋವಿಗಳ ನಳಿಗೆಗಳು ಮೊದಲಿಂದ ಕೊನೆಯವರೆಗೆ ಒಂದೇ ಅಗಲದ ಕೊಳವೆಗಳಾಗಿದ್ದುವು. ಅವುಗಳಿಂದ ಹೊರಟ ಚರೆಗಳು ಬಾಯಿ ದಾಟಿದೊಡನೆ ಚೆದುರಲು ತೊಡಗಿ, ನಾಲ್ವತ್ತು ಗಜ ದೂರಕ್ಕೆ ಹೋಗುವಷ್ಟರಲ್ಲಿ ತೀರ ವಿರಳವಾಗುತ್ತಿದ್ದುವು. ಹೊರಬಾಯಿಯ ಬಳಿ ಒಳವ್ಯಾಸವನ್ನು ಕೂದಲೆಳೆಯಷ್ಟು ಕಿರಿದುಮಾಡಿದರೆ ಚರೆಗಳು ಒತ್ತಾಗಿ ಹೊರಟು ಬಹುದೂರ ಒಟ್ಟಾಗಿಯೇ ಸಾಗುವುವು. ತೋಟಕ್ಕೆ ನೀರು ಬಿಡುವವನು ಕೊಳವೆಯ ಬಾಯನ್ನು ಬೆರಳಿನಿಂದ ಅದುಮಿ ನೀರಿನ ಧಾರೆಯನ್ನು ದೂರಕ್ಕೆ ಕಳುಹಿಸುವುದನ್ನು ನೋಡಿದವರಿಗೆ ಇದರ ಒಂದು ಕಲ್ಪನೆ ಬರಬಹುದು. ಈ ಬಿಗಿತಕ್ಕೆ ಆಂಗ್ಲರು ‘ಚೋಕ್’ ಎಂದು ಹೆಸರಿಟ್ಟರು; ಕೊರಳು ಹಿಸುಕುವುದೆಂದು ಆ ಮಾತಿನ ಅರ್ಥ.

ಇದನ್ನು ಮೊದಲು ಕಂಡುಹಿಡಿದವನಾರೆಂಬುದರ ಬಗ್ಗೆ ದೀರ್ಘಕಾಲ ವಾದ ನಡೆದಿದೆ. ಇಂಗ್ಲೆಂಡಿನ ನ್ಯೂಕಾಸಲ್ ಪಟ್ಟಣದ ಕೋವಿಗಾರ ಡಬ್ಲ್ಯು. ಆರ್. ಪೇಪನು ೧೮೬೬ರಲ್ಲಿ ಸರ್ಕಾರದಿಂದ ಹಕ್ಕುಪತ್ರವನ್ನು ಪಡೆದನು. ಅಮೇರಿಕದ ಸಿಲ್ವೆಸ್ಟರ್ ರೋಪರನು ೧೮೬೮ರಲ್ಲಿ, ನಳಿಗೆಯ ತುದಿಗೆ ಬೇಕಾದಾಗ ಜೋಡಿಸಿ ಬೇಡವಾದಾಗ ಬಿಚ್ಚಿಡಬಹುದಾದ ಚೋಕಿಗೆ ಹಕ್ಕುಪತ್ರ ಪಡೆದನು. ಇಲಿನಾಯ್ ನದಿಯ ಬಾತುಬೇಟೆಗಾರ ಫ್ರೆಡ್ ಕಿಂಬಲನು ಅದೇ ದಶಕದ ಕೊನೆಯಲ್ಲಿ ಇದನ್ನು ತಾನೇ ಸ್ವಂತವಾಗಿ ಕಂಡುಹಿಡಿದೆನೆಂದು ಹೇಳಿಕೊಂಡನು. ಕಂಡುಹಿಡಿದವರು ಯಾರೇ ಆಗಲಿ, ಲೋಕವು ಒಪ್ಪುವಂತೆ ಮಾಡಿದವನು ಬರ್ಮಿಂಗ್‌ಹ್ಯಾಮಿನ ಡಬ್ಲ್ಯು. ಡಬ್ಲ್ಯು. ಗ್ರೀನರ್. ಆತನು ೧೮೭೪ರಲ್ಲಿ ಪ್ರಕಟಿಸಿದ ಫಲಿತಾಂಶಗಳನ್ನು ಅನೇಕರು ನಂಬಲಿಲ್ಲ. ‘ದಿ ಫೀಲ್ಡ್’ ಎಂಬ ಪತ್ರಿಕೆಯು ೧೮೭೫ರಲ್ಲಿ ಲಂಡನ್ನಿನಲ್ಲಿ ಬಹಿರಂಗ ಪರೀಕ್ಷೆಯನ್ನು ಏರ್ಪಡಿಸಿತು. ಅಲ್ಲಿ ಗ್ರೀನರನ ಬಿಗಿಬಾಯಿಯ ಕೋವಿಗಳು ಜಯಿಸಿದುವು. ಅಂದಿನಿಂದ ಚೋಕ್ ಎಂಬುದು ಹಕ್ಕಿಬೇಟೆಯ ಕೋವಿಯ ಅವಿಭಾಜ್ಯ ಅಂಗವಾಯಿತು.

ಚರೆಯ ಚರಿತ್ರೆಯೂ ಇಷ್ಟೇ ರಸವತ್ತಾದುದು. ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದಲ್ಲಿ ಸೀಸದ ಕೊಳಾಯಿ ಕೆಲಸಗಾರನಾಗಿದ್ದ ವಿಲಿಯಂ ವಾಟ್ಸನು, ಕರಗಿದ ಸೀಸವನ್ನು ಜರಡಿಯ ಮೂಲಕ ಬಹು ಎತ್ತರದಿಂದ ನೀರಿನ ತೊಟ್ಟಿಗೆ ಬೀಳಿಸಿದರೆ ಹನಿಗಳು ಗಾಳಿಯಲ್ಲಿಯೇ ದುಂಡಗಾಗಿ ಗಟ್ಟಿಗೊಳ್ಳುವುವೆಂದು ಕಂಡುಕೊಂಡು ೧೭೮೨ರಲ್ಲಿ ಹಕ್ಕುಪತ್ರ ಪಡೆದನು. ಹನಿಯು ಉರುಟಾಗಲು ಸೀಸದೊಡನೆ ಸ್ವಲ್ಪ ಪಾಷಾಣವನ್ನೂ ಬೆರೆಸುತ್ತಿದ್ದರು. ಇದಕ್ಕಾಗಿ ಪಟ್ಟಣಗಳಲ್ಲಿ ಚರೆಗೋಪುರಗಳು ಎದ್ದುವು. ೧೮೦೭ರ ನಿರ್ಬಂಧದಿಂದ ಅಮೇರಿಕಕ್ಕೆ ಪರದೇಶದ ಸರಕು ಬರುವುದು ಕಷ್ಟವಾಗಲು, ೧೮೦೮ರಲ್ಲಿ ಫಿಲಡೆಲ್ಫಿಯದಲ್ಲಿ ಥಾಮಸ್ ಸ್ಪಾರ್ಕ್ಸ್ ಮತ್ತು ಜಾನ್ ಬಿಷಪ್ ಎಂಬವರು ಇಂತಹ ಗೋಪುರವನ್ನು ಕಟ್ಟಿಸಿದರು. ಬಿಷಪನು ಯುದ್ಧವನ್ನು ಪಾಪವೆಂದೆಣಿಸುವ ಕ್ವೇಕರ್ ಪಂಥದವನು. ೧೮೧೨ರಲ್ಲಿ ಇಂಗ್ಲೆಂಡಿನೊಡನೆ ಯುದ್ಧವು ಒದಗಿ, ಬೇಟೆಗಾರರಿಗಾಗಿ ಕಟ್ಟಿದ ಗೋಪುರದಿಂದ ಸೈನ್ಯಕ್ಕೆ ಗುಂಡು ಒದಗಿಸಬೇಕಾಗಿ ಬರಲು, ಆತನು ತನ್ನ ಪಾಲನ್ನು ಜೊತೆಗಾರನಿಗೆ ಮಾರಿ ಹೊರಬಂದನು. ಬಾಲ್ಟಿಮೋರಿನಲ್ಲಿ ೧೮೨೮ರಲ್ಲಿ ಕಟ್ಟಿದ ೨೩೪ ಅಡಿ ಎತ್ತರದ ಚರೆಗೋಪುರವು ಇಂದಿಗೂ ನಿಂತಿದೆ.

ಚರೆಗೂ ನಂಬರುಗಳುಂಟು, ಅಲ್ಲಿಯೂ ನಂಬರು ಹೆಚ್ಚಿದಷ್ಟೂ ಕಾಳು ಸಣ್ಣದು. ಅಮೇರಿಕದವರ ಲೆಕ್ಕವು ಸುಲಭವಾದುದು. ಹದಿನೇಳರಿಂದ ನಂಬರನ್ನು ಕಳೆದರೆ ಉಳಿಯುವುದು ಅಂಗುಲದ ನೂರರ ಪಾಲಿನಲ್ಲಿ ಕಾಳಿನ ವ್ಯಾಸ. ೪ನೆಯ ನಂಬರಿನ ಕಾಳಿಗೆ ೧೩ ಪಾಲು, ೫ನೆಯದಕ್ಕೆ ೧೨, ೬ನೆಯದಕ್ಕೆ ೧೧. ಒಂದು ಔನ್ಸು ಸೀಸದಲ್ಲಿ ೪ನೆಯ ನಂಬರಿನವು ಸುಮಾರು ೧೩೫, ೫ನೆಯವು ೧೭೦, ೬ನೆಯವು ೨೨೫ ಕಾಳುಗಳಿರುತ್ತವೆ. ಟರ್ಕಿ ಬೇಟೆಗಾರರು ಬಹುಕಾಲ ಚರ್ಚಿಸಿದುದು ಈ ಮೂರು ನಂಬರುಗಳನ್ನೇ. ದಪ್ಪ ಕಾಳು ದೂರದಲ್ಲಿಯೂ ಬಲವನ್ನುಳಿಸಿಕೊಂಡು ಮೂಳೆಯನ್ನು ಮುರಿಯುವುದು. ಆದರೆ ಸಂಖ್ಯೆಯಲ್ಲಿ ಕಡಮೆಯಾದುದರಿಂದ ಸಣ್ಣ ಗುರಿಯ ಎರಡು ಪಕ್ಕಗಳಲ್ಲಿಯೂ ಹಾದುಹೋಗಬಹುದು. ಸಣ್ಣ ಕಾಳು ಗುರಿಯನ್ನು ತಪ್ಪದೆ ತುಂಬುವುದು. ಆದರೆ ದೂರ ಹೆಚ್ಚಿದಂತೆ ಬಲಗುಂದುವುದು.

ಚೋಕಿನ ಅಳತೆಗೂ ಇಂತಹ ಲೆಕ್ಕವಿದೆ. ನಾಲ್ವತ್ತು ಗಜ ದೂರದಲ್ಲಿ ೩೦ ಅಂಗುಲ ವ್ಯಾಸದ ವೃತ್ತವೊಂದನ್ನು ಕಾಗದದ ಮೇಲೆ ಬರೆದು, ಅದರೊಳಗೆ ಚರೆಯ ಎಷ್ಟು ಪಾಲು ಬೀಳುವುದೆಂದು ಎಣಿಸುವುದು ಸಂಪ್ರದಾಯ. ಬಿಗಿತವೇ ಇಲ್ಲದ ನಳಿಗೆಯಲ್ಲಿ ನೂರಕ್ಕೆ ಸುಮಾರು ೪೦, ಅಂಗುಲದ ಸಾವಿರದಲ್ಲಿ ೧೦ ಪಾಲು ಬಿಗಿದರೆ ೫೦, ೨೦ ಪಾಲು ಬಿಗಿದರೆ ೬೦, ೩೫ ಪಾಲಿನ ಪೂರ್ಣ ಚೋಕಿನಲ್ಲಿ ೭೦. ಟರ್ಕಿ ಬೇಟೆಗೆಂದೇ ಮಾಡಿದ ಚೋಕುಗಳು ೬೦ ಪಾಲಿನವರೆಗೂ ಬಿಗಿಯುವುದುಂಟು. ಇಂದಿನ ಬೇಟೆಗಾರರು ೩೦ ಅಂಗುಲದ ವೃತ್ತವನ್ನು ಬಿಟ್ಟು ೧೦ ಅಂಗುಲದ್ದನ್ನು ಹಿಡಿದಿದ್ದಾರೆ. ಅದರೊಳಗೆ ನೂರು ಕಾಳಾದರೂ ಬೀಳುವಷ್ಟು ದೂರವೇ ಆ ಕೋವಿಯ ಎಲ್ಲೆಯೆಂದು ಎಣಿಸುವರು. ಆದರೆ ಬಿಗಿತವು ಹೆಚ್ಚಿದಷ್ಟೂ ಒಳ್ಳೆಯದೆಂಬ ನಿಯಮವಿಲ್ಲ. ಅತಿಯಾಗಿ ಹಿಸುಕಿದರೆ ಮೃದುವಾದ ಸೀಸದ ಕಾಳುಗಳು ಒಂದಕ್ಕೊಂದು ಒತ್ತಿ ಚಪ್ಪಟೆಯಾಗಿ, ನೇರವಾಗಿ ಹಾರದೆ ಅಡ್ಡಾದಿಡ್ಡಿಯಾಗಿ ಚೆದುರುವುವು. ಇನ್ನೊಂದು ತೊಡಕೂ ಇದೆ. ಬಿಗಿಬಾಯಿಯಿಂದ ಹೊರಟ ಚರೆಯು ಹತ್ತು ಹದಿನೈದು ಗಜದಲ್ಲಿ ಮುಷ್ಟಿಯಷ್ಟೇ ಇರುವುದು. ಹಕ್ಕಿ ತೀರ ಹತ್ತಿರ ಬಂದಾಗ ಕೈ ಎಳ್ಳಷ್ಟು ಅಲುಗಿದರೂ ಇಡೀ ಈಡು ವ್ಯರ್ಥವಾಗುವುದು. ದೂರಕ್ಕೆ ಒದಗಿದ ಗುಣವೇ ಹತ್ತಿರಕ್ಕೆ ದೋಷವಾಯಿತು.

ಈ ಜಾಣ್ಮೆಯೆಲ್ಲ ಬೆಳೆದ ಕಾಲದಲ್ಲಿಯೇ ಹಕ್ಕಿಯು ಕ್ಷಯಿಸಿತೆಂಬುದು ಈ ಚರಿತ್ರೆಯ ಶೋಚನೀಯ ಭಾಗ. ಕೋವಿಯೊಂದನ್ನೇ ಇದಕ್ಕೆ ಹೊಣೆ ಮಾಡುವುದು ನ್ಯಾಯವಲ್ಲ. ವಲಸೆ ಬಂದವರು ಬೇಸಾಯಕ್ಕಾಗಿ, ಮರಮುಟ್ಟಿಗಾಗಿ ಕಾಡುಗಳನ್ನು ಕಡಿದರು. ಮಾಂಸದ ಅಂಗಡಿಗಳಿಗೆ ಒದಗಿಸುವವರು ವರ್ಷದ ಎಲ್ಲ ಋತುಗಳಲ್ಲಿಯೂ ಗಂಡು ಹೆಣ್ಣೆಂಬ ಭೇದವಿಲ್ಲದೆ ಕೊಂದರು. ಚೋಕ್ ಹುಟ್ಟುವುದಕ್ಕೆ ಮೊದಲೇ, ೧೮೫೦-೫೧ರ ಚಳಿಗಾಲದಲ್ಲಿ, ಮ್ಯಾಸಚೂಸೆಟ್ಸ್ ಸಂಸ್ಥಾನದ ಕೊನೆಯ ಕಾಡುಟರ್ಕಿಯು ಟಾಮ್ ಬೆಟ್ಟದಲ್ಲಿ ಅಳಿಯಿತು. ಶತಮಾನದ ಕೊನೆಯ ಭಾಗದಲ್ಲಿ ಬಿಗಿಬಾಯಿಯ ನಳಿಗೆ, ಮರುಮರಳಿ ಹಾರುವ ಕೋವಿ, ಹೊಗೆಯಿಲ್ಲದ ಮದ್ದು ಇವು ಒಂದಾದ ಮೇಲೊಂದು ಬಂದು ಮನುಷ್ಯನ ಕೈಯನ್ನು ಉದ್ದಮಾಡಿದುವು. ಕೈಯನ್ನು ತಡೆಯುವ ನಿಯಮವು ಮಾತ್ರ ಬಂದಿರಲಿಲ್ಲ. ೨೦ನೆಯ ಶತಮಾನದ ಆರಂಭದ ದಶಕಗಳಲ್ಲಿ ಇಡೀ ದೇಶದಲ್ಲಿ ಉಳಿದ ಕಾಡುಟರ್ಕಿಗಳ ಅಂದಾಜು ಎರಡು ಲಕ್ಷವನ್ನು ಮೀರುವುದಿಲ್ಲ.

ಆಮೇಲೆ ಎಚ್ಚರವಾಯಿತು. ೧೯೦೦ರ ಲೇಸಿ ಕಾಯಿದೆಯು, ಒಂದು ಸಂಸ್ಥಾನದಲ್ಲಿ ಕಾನೂನು ಮೀರಿ ಕೊಂದ ಪ್ರಾಣಿಪಕ್ಷಿಗಳನ್ನು ಇನ್ನೊಂದಕ್ಕೆ ಸಾಗಿಸಿ ಮಾರುವುದನ್ನು ನಿಷೇಧಿಸಿತು. ೧೯೩೭ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯು ಅದಕ್ಕಿಂತಲೂ ವಿಚಿತ್ರವಾದುದು. ಬೇಟೆಯ ಕೋವಿ ಮತ್ತು ತೋಟೆಗಳ ಮೇಲಿನ ಸುಂಕವನ್ನು ವನ್ಯಜೀವಿಗಳ ಪುನರುದ್ಧಾರಕ್ಕೇ ಮೀಸಲಾಗಿಡಬೇಕೆಂದು ಅದು ವಿಧಿಸಿತು. ಉದ್ದಕೋವಿ ಮತ್ತು ತೋಟೆಗಳ ಮೇಲೆ ಆ ಸುಂಕವು ನೂರಕ್ಕೆ ೧೧ರಷ್ಟಿದೆ. ಹಕ್ಕಿಯನ್ನು ಕೊಲ್ಲುವ ತೋಟೆಯ ಬೆಲೆಯಲ್ಲಿಯೇ ಹಕ್ಕಿಯನ್ನು ಉಳಿಸುವ ಹಣವೂ ಸೇರಿತು.

ಮೊದಮೊದಲು ಮನೆಯಲ್ಲಿ ಮರಿಮಾಡಿಸಿದ ಹಕ್ಕಿಗಳನ್ನು ಕಾಡಿಗೆ ಬಿಟ್ಟು ನೋಡಿದರು. ಕಾಡಿನ ಭಯವನ್ನು ತಾಯಿಯಿಂದ ಕಲಿಯದ ಅವು ಬಹುಬೇಗನೆ ನಶಿಸಿದುವು. ೧೯೫೦ರ ದಶಕದಲ್ಲಿ, ದೊಡ್ಡ ಬಲೆಯನ್ನು ಮದ್ದಿನ ಬಲದಿಂದ ಹಿಂಡಿನ ಮೇಲೆ ಹಾರಿಸಿ ಕಾಡುಹಕ್ಕಿಗಳನ್ನೇ ಜೀವಸಹಿತ ಹಿಡಿಯುವ ಉಪಾಯವು ಬಳಕೆಗೆ ಬಂದಿತು. ಹೀಗೆ ಹಿಡಿದುವನ್ನು ಬರಿದಾದ ಕಾಡುಗಳಿಗೆ ಸಾಗಿಸಿ ಬಿಟ್ಟರು. ಮ್ಯಾಸಚೂಸೆಟ್ಸಿನಲ್ಲಿ ೧೯೭೨-೭೩ರಲ್ಲಿ ನ್ಯೂಯಾರ್ಕ್ ಸಂಸ್ಥಾನದಿಂದ ತಂದು ಬಿಟ್ಟ ಹಕ್ಕಿಗಳು ಕೇವಲ ೩೭. ಅವುಗಳ ಸಂತತಿಯು ಈಗ ಊರುಗಳ ಬೀದಿಗಳಲ್ಲಿಯೂ ಅಡ್ಡಾಡುತ್ತದೆ. ರಾಷ್ಟ್ರೀಯ ಕಾಡುಟರ್ಕಿ ಸಂಘವು ಸ್ಥಾಪಿತವಾದ ೧೯೭೩ರಲ್ಲಿ ದೇಶದಲ್ಲಿ ಸುಮಾರು ೧೫ ಲಕ್ಷ ಹಕ್ಕಿಗಳಿದ್ದುವು; ೨೧ನೆಯ ಶತಮಾನದ ಆರಂಭದಲ್ಲಿ ಅವು ೭೦ ಲಕ್ಷದ ಹತ್ತಿರಕ್ಕೆ ಏರಿದುವು. ಅಲಾಸ್ಕವೊಂದನ್ನುಳಿದು ಮಿಕ್ಕ ೪೯ ಸಂಸ್ಥಾನಗಳಲ್ಲಿಯೂ ವಸಂತಕಾಲದ ಬೇಟೆಗೆ ಅನುಮತಿ ದೊರೆಯಿತು. ಆ ಬೇಟೆಯಲ್ಲಿ ಸಾಮಾನ್ಯವಾಗಿ ಗಂಡುಹಕ್ಕಿಗೆ ಮಾತ್ರ ಕೋವಿಯೆತ್ತಬಹುದು. ಹೆಣ್ಣಿನ ದನಿಯನ್ನು ಅನುಕರಿಸಿ ಗಂಡನ್ನು ಬಳಿಗೆ ಕರೆಯುವುದೇ ಅದರ ಜೀವಾಳ.

ಹಕ್ಕಿ ಮರಳಿದೊಡನೆ ಕೋವಿಗಾರರ ಉತ್ಸಾಹವೂ ಮರಳಿತು. ೧೯೬೦ರ ದಶಕದಲ್ಲಿ ಬಂದ ಪ್ಲಾಸ್ಟಿಕ್ ಬಟ್ಟಲು ಚರೆಯನ್ನು ನಳಿಗೆಯ ಉಜ್ಜಾಟದಿಂದ ಕಾಪಾಡಿತು. ರೋಪರನ ಹಳೆಯ ಕಲ್ಪನೆಯು ತಿರುಪಿನ ಚೋಕುಗಳಾಗಿ ಮನೆಮನೆಗೆ ಬಂದಿತು. ಒಂದೇ ಕೋವಿಗೆ ಬೇಕಾದ ಬಿಗಿತವನ್ನು ತೊಡಿಸುವುದು ಸಾಧ್ಯವಾಯಿತು. ೧೯೮೮ರಲ್ಲಿ ಮೂರೂವರೆ ಅಂಗುಲದ ೧೨ನೆಯ ನಂಬರಿನ ತೋಟೆ ಬಂದಿತು. ಅದರ ಬಲವೂ ಹೆಚ್ಚು, ಹೆಗಲಿಗೆ ಬೀಳುವ ಒದೆತವೂ ಹೆಚ್ಚು.

ಅಷ್ಟರಲ್ಲಿ ಸೀಸದ ವಿಷವು ಇನ್ನೊಂದು ಪ್ರಶ್ನೆಯನ್ನು ಎಬ್ಬಿಸಿತ್ತು. ಕೆರೆಗಳ ತಳದಲ್ಲಿ ಬಿದ್ದ ಚರೆಯನ್ನು ಹರಳೆಂದು ನುಂಗಿದ ನೀರುಹಕ್ಕಿಗಳು ಸಾಯುತ್ತಿದ್ದುದರಿಂದ, ೧೯೯೧ರ ವೇಳೆಗೆ ಅವುಗಳ ಬೇಟೆಯಲ್ಲಿ ದೇಶದಾದ್ಯಂತ ಸೀಸವು ನಿಷಿದ್ಧವಾಯಿತು. ಕ್ಯಾಲಿಫೋರ್ನಿಯವು ೨೦೧೯ರಿಂದ ಎಲ್ಲ ಬೇಟೆಯಲ್ಲಿಯೂ ಸೀಸವನ್ನು ನಿಷೇಧಿಸಿತು. ಆದರೆ ಬಹುಪಾಲು ಸಂಸ್ಥಾನಗಳಲ್ಲಿ ಟರ್ಕಿಗೆ ಅದರ ಬಳಕೆಯುಂಟು. ಸೀಸಕ್ಕೆ ಬದಲಾಗಿ ಮೊದಲು ಬಂದ ಉಕ್ಕು ಹಗುರವಾದುದು. ನೀರಿನ ತೂಕವನ್ನು ಒಂದೆಂದು ಹಿಡಿದರೆ ಸೀಸವು ೧೧ಕ್ಕೆ ಮಿಗಿಲು, ಉಕ್ಕು ಎಂಟಕ್ಕೂ ಕಡಮೆ. ಉಕ್ಕಿನ ಕಾಳು ಗಡುಸಾದುದರಿಂದ ಅತಿ ಬಿಗಿಯಾದ ಚೋಕನ್ನೇ ಕೆಡಿಸಬಲ್ಲುದು. ಆ ಬಳಿಕ ಟಂಗ್‌ಸ್ಟನ್ ಎಂಬ ಲೋಹದ ಮಿಶ್ರಣದಿಂದ ಮಾಡಿದ ಚರೆ ಬಂದಿತು. ಅದರ ತೂಕ ೧೮. ಅದರಲ್ಲಿ ೯ನೆಯ ನಂಬರಿನ ಸಣ್ಣ ಕಾಳು ಸೀಸದ ೪ನೆಯ ಅಥವಾ ೫ನೆಯ ನಂಬರಿನ ಕಾಳಿನಷ್ಟು ಆಳಕ್ಕೆ ಇಳಿಯುವುದು. ಒಂದು ಔನ್ಸಿಗೆ ಸೀಸದ ೫ನೆಯ ನಂಬರಿನವು ೧೭೦ ಇದ್ದರೆ ಇವು ೩೬೦ರ ಸುಮಾರು. ದಪ್ಪ ಕಾಳಿನ ಬಲವೂ ಸಣ್ಣ ಕಾಳಿನ ಸಂಖ್ಯೆಯೂ ಒಂದೇ ತೋಟೆಯಲ್ಲಿ ಕೂಡಿದುವು. ಬೆಲೆ ಮಾತ್ರ ಸೀಸದ ತೋಟೆಯ ಹಲವು ಪಟ್ಟು. ಭಾರವಾದ ಕೋವಿಯನ್ನು ಹೊರಲಾರದವರೂ ಬಾಲಕರೂ ಈಗ ೨೦ನೆಯ ನಂಬರಿನ ಸಣ್ಣ ಕೋವಿಯಿಂದಲೇ ಬೇಟೆಯಾಡಬಲ್ಲರು.

ಶತಮಾನದ ಹಿಂದಿನ ಪ್ರಶ್ನೆಯು ಇಲ್ಲಿ ಮತ್ತೆ ತಲೆಯೆತ್ತುತ್ತದೆ. ನಾಲ್ವತ್ತು ಗಜವೇ ಮರ್ಯಾದೆಯೆಂದಿದ್ದ ಬೇಟೆಯಲ್ಲಿ ಅರುವತ್ತು ಗಜದಿಂದ ಹೊಡೆಯಬಹುದೆಂಬ ಆಸೆಯು ಹುಟ್ಟಿದೆ. ದೂರವನ್ನು ಕಣ್ಣಳತೆಯಿಂದ ತಪ್ಪಾಗಿ ಎಣಿಸಿ ಗಾಯಗೊಳಿಸಿದ ಹಕ್ಕಿಯು ಯಾವ ಲೆಕ್ಕಕ್ಕೂ ಸಿಕ್ಕುವುದಿಲ್ಲ. ಅಲ್ಲದೆ ಕಾಡಿನ ಬಣ್ಣದ ಉಡುಪಿನಲ್ಲಿ ಅಡಗಿ ಕುಳಿತ ಇನ್ನೊಬ್ಬ ಬೇಟೆಗಾರನಿಗೆ ದೂರದ ಈಡು ತಾಕುವ ಭಯವೂ ಉಂಟು. ಆದುದರಿಂದಲೇ ಅನೇಕ ಸಂಸ್ಥಾನಗಳು ಚರೆಯ ದಪ್ಪಕ್ಕೆ ಮಿತಿಯನ್ನು ವಿಧಿಸಿವೆ. ಇತ್ತೀಚಿನ ವರ್ಷಗಳಲ್ಲಿ ದಕ್ಷಿಣದ ಕೆಲವು ಸಂಸ್ಥಾನಗಳಲ್ಲಿ ಹಕ್ಕಿಗಳ ಸಂಖ್ಯೆಯು ಮತ್ತೆ ಇಳಿಯುತ್ತಿದ್ದು, ಬೇಟೆಯ ಋತುವನ್ನು ಮುಂದಕ್ಕೆ ಹಾಕಿ ತಲಾ ಹೊಡೆಯಬಹುದಾದ ಹಕ್ಕಿಗಳನ್ನೂ ಕಡಮೆಮಾಡಿದ್ದಾರೆ.

ಯಾವ ಚೋಕ್, ಯಾವ ಚರೆ ಎಂಬ ಪ್ರಶ್ನೆಗೆ ಅನುಭವಿಗಳು ಕೊಡುವ ಉತ್ತರವು ಅಂಗಡಿಯ ಪಟ್ಟಿಯಲ್ಲಿ ದೊರೆಯತಕ್ಕುದಲ್ಲ. ಒಂದೇ ಕಾರ್ಖಾನೆಯಲ್ಲಿ ಹುಟ್ಟಿದ ಎರಡು ನಳಿಗೆಗಳು ಕೂಡ ಒಂದೇ ತೋಟೆಯನ್ನು ಬೇರೆಬೇರೆಯಾಗಿ ಹರಡುತ್ತವೆ. ಆದುದರಿಂದ ಬೇಟೆಗೆ ಮೊದಲು ಇಪ್ಪತ್ತು, ಮೂವತ್ತು, ನಾಲ್ವತ್ತು ಗಜಗಳಲ್ಲಿ ಕಾಗದವನ್ನು ಕಟ್ಟಿ, ಒಂದೊಂದು ಚೋಕಿನಲ್ಲಿಯೂ ಒಂದೊಂದು ತೋಟೆಯನ್ನು ಹೊಡೆದು, ತೂತುಗಳನ್ನು ಎಣಿಸಿ, ತನ್ನ ಕೋವಿಯ ಎಲ್ಲೆಯನ್ನು ತಿಳಿದುಕೊಳ್ಳಬೇಕು; ತಿಳಿದ ಮೇಲೆ ಆ ಎಲ್ಲೆಯ ಹೊರಗೆ ನಿಂತ ಹಕ್ಕಿಗೆ ಕೋವಿಯೆತ್ತದೆ ಕಾಯಬೇಕು. ಅದು ಬರಿಗೈಯಲ್ಲಿ ಮನೆಗೆ ಹಿಂದಿರುಗುವ ದಿನಗಳೇ ಹೆಚ್ಚಾಗಿರುವ ಬೇಟೆ. ಕರೆದಾಗ ಬಾರದ ಹಕ್ಕಿಯು ಮಾರನೆಯ ಮುಂಜಾವಿನಲ್ಲಿ ಅದೇ ಗುಡ್ಡದ ಮೇಲೆ ಮತ್ತೆ ಕೂಗುವುದು.